ಗಾಡಿಯ ಹಿಂದಿನ ಕೊಂಡಿ ಯಾರಿಗೆ ಬೇಕು?

ಕಳೆದ ಭಾನುವಾರ ಮಧ್ಯಾಹ್ನ ಕೋಥ್ರುಡಿನ ನಮ್ಮ ಸೊಸೈಟಿಯ ಪಾರ್ಕಿಂಗ್‌ನಲ್ಲಿ ನಾನೂ ನನ್ನ ಭಾಮೈದನೂ ಕೈತುಂಬ ಗ್ರೀಸು ಮೆತ್ತಿಕೊಂಡು ಗಾಡಿಯ ಕೆಳಗಿನಿಂದ ಹೊರಬರುತ್ತಿದ್ದಾಗ, ಮೂರನೇ ಮಹಡಿಯಲ್ಲಿರುವ ವಿಜಯಪುರದ ಕಾಕಾ ಅಲ್ಲಿಗೆ ಬಂದು, ಬಂಪರ್‌ನ ಹಿಂದೆ ಚಾಚಿಕೊಂಡಿದ್ದ ಹೊಸ ಹಿಚ್ಚನ್ನು, ಅಂದರೆ ಟ್ರೇಲರನ್ನೋ ಸೈಕಲ್ ಕ್ಯಾರಿಯರನ್ನೋ ಸಿಕ್ಕಿಸುವ ಉಕ್ಕಿನ ಕೊಂಡಿಯನ್ನು ನೋಡಿ, "ಛಲೋ ಮಾಡಿದ್ರಿ ನೋಡ್ರಿ, ಇನ್ನ ಹಿಂದಿಂದ ಯಾರ್ ಬಡದ್ರೂ ಗಾಡಿಗೆ ಏನೂ ಆಗೂದಿಲ್ಲ" ಎಂದು ಮನಸಾರೆ ಹೊಗಳಿದರು. ಎರಡು ಭಾನುವಾರ ಬೆನ್ನು ನೋಯಿಸಿಕೊಂಡು ಮಾಡಿದ ಕೆಲಸಕ್ಕೆ ಸಿಕ್ಕ ಮೊದಲ ಹೊಗಳಿಕೆ ಅದು. ಅದನ್ನು ಸಂತೋಷದಿಂದ ಸ್ವೀಕರಿಸಲು ನನ್ನಿಂದಾಗಲಿಲ್ಲ, ಏಕೆಂದರೆ ಕಾಕಾ ಹೇಳಿದ ಕಾರಣ ತಲೆಕೆಳಗಾಗಿತ್ತು. ಪುಣೆಯ ರಸ್ತೆಗಳಲ್ಲಿ ನಾನು ಕಾಣುವ ಹತ್ತಾರು ಚಿಕ್ಕ ಎಸ್‌ಯುವಿಗಳ ಹಿಂದೆ ಇಂಥ ಕೊಂಡಿಯ ತುದಿಯ ದುಂಡನೆಯ ಕಬ್ಬಿಣದ ಗುಂಡು ಹೊಳೆಯುತ್ತಿರುತ್ತದೆ. ಅವುಗಳಲ್ಲಿ ಒಂದಾದರೂ ಟ್ರೇಲರ್ ಎಳೆಯುತ್ತಿರುವುದನ್ನು ನಾನು ನೋಡಿಲ್ಲ. ಕಾಕಾ ಹೇಳಿದ ಮಾತೇ ಆ ಎಲ್ಲ ಮಾಲೀಕರ ಮನಸ್ಸಿನಲ್ಲೂ ಇದ್ದಿರಬೇಕು.

ಆ ನಂಬಿಕೆ ಏಕೆ ತಪ್ಪೆಂಬುದನ್ನು ಮೊದಲು ಹೇಳಿಬಿಡುತ್ತೇನೆ. ಗಾಡಿಯ ಹಿಂದಿನ ಪ್ಲಾಸ್ಟಿಕ್ ಬಂಪರ್, ಅದರ ಒಳಗಿನ ತೆಳುವಾದ ಅಡ್ಡಪಟ್ಟಿ ಮತ್ತು ಚಾಸಿಯ ತುದಿಯ ಭಾಗಗಳು ಪೆಟ್ಟು ಬಿದ್ದಾಗ ಮುದುಡಿಕೊಳ್ಳಲೆಂದೇ ಇರುವಂಥವು. ಅವು ಮುದುಡಿದಷ್ಟೂ ಒಳಗೆ ಕುಳಿತವರ ಕುತ್ತಿಗೆಗೆ ಬೀಳುವ ಆಘಾತ ಕಡಿಮೆಯಾಗುತ್ತದೆ. ಬಂಪರ್‌ಗಿಂತ ಒಂದು ಗೇಣು ಹಿಂದಕ್ಕೆ ಚಾಚಿದ ಗಟ್ಟಿ ಉಕ್ಕಿನ ಗುಂಡನ್ನು ಚಾಸಿಗೆ ಕಚ್ಚಿಸಿದಿರೆಂದರೆ, ಹಿಂದಿನ ವಾಹನದ ಪೆಟ್ಟು ಬಂಪರನ್ನು ಮುಟ್ಟುವ ಮೊದಲೇ ಆ ಗುಂಡಿನ ಮೂಲಕ ನೇರವಾಗಿ ಚಾಸಿಗೆ ಇಳಿಯುತ್ತದೆ. ನಮ್ಮ ಚಿಕ್ಕ ಎಸ್‌ಯುವಿಗಳಲ್ಲಿ ಹೆಚ್ಚಿನವು ಮೊನೊಕಾಕ್ ಗಾಡಿಗಳು, ಅಂದರೆ ಅವುಗಳಲ್ಲಿ ಥಾರ್ ಅಥವಾ ಜಿಮ್ನಿಯಲ್ಲಿರುವಂತೆ ಏಣಿಯಂಥ ಪ್ರತ್ಯೇಕ ಉಕ್ಕಿನ ಚೌಕಟ್ಟು (ಲ್ಯಾಡರ್ ಫ್ರೇಮ್) ಇರುವುದಿಲ್ಲ; ಮಡಚಿದ ತಗಡಿನ ಪೆಟ್ಟಿಗೆಯೇ ಅವುಗಳ ಎಲುಬು. ವಾರ್ಜೆಯ ಸಿಗ್ನಲ್ಲಿನಲ್ಲಿ ನಮ್ಮ ಆಫೀಸಿನ ಸಹೋದ್ಯೋಗಿಯೊಬ್ಬರ, ಇಂಥದೇ ಹುಕ್ಕಿದ್ದ ಗಾಡಿಗೆ ಟೆಂಪೊ ಒಂದು ನಿಧಾನವಾಗಿ ತಾಗಿತ್ತು. ಬಂಪರ್‌ನ ಮೇಲೆ ಒಂದು ಗೀರೂ ಇರಲಿಲ್ಲ, ಅವರು ಹುಕ್ಕಿನ ಮಹಿಮೆಯನ್ನು ಕ್ಯಾಂಟೀನಿನಲ್ಲಿ ಎರಡು ದಿನ ಕೊಂಡಾಡಿದರು. ಮೂರನೇ ದಿನ ಡಿಕ್ಕಿಯ ಬಾಗಿಲು ಸರಿಯಾಗಿ ಮುಚ್ಚುತ್ತಿಲ್ಲವೆಂದು ಕರೆದು ತೋರಿಸಿದಾಗ, ಬಾಗಿಲಿನ ಎಡಗಡೆಯ ಸಂದಿನಲ್ಲಿ ನನ್ನ ಕಿರುಬೆರಳು ಹೋಗುತ್ತಿತ್ತು, ಬಲಗಡೆಯಲ್ಲಿ ಬಣ್ಣಕ್ಕೆ ಬಣ್ಣ ಉಜ್ಜುತ್ತಿತ್ತು. ಸ್ಟೆಪ್ನಿ ಎತ್ತಿ ನೋಡಿದರೆ ಡಿಕ್ಕಿಯ ತಳದ ತಗಡು ಹಪ್ಪಳದಂತೆ ಉಬ್ಬಿತ್ತು. ಬಂಪರ್ ಬದಲಿಸುವ ಖರ್ಚಿನಲ್ಲಿ ಮುಗಿಯಬೇಕಾದದ್ದು ಗಾಡಿಯ ಮೈಮೂಳೆಗೇ ಬಂದಿತ್ತು.

ಹಾಗಾದರೆ ನೀನೇಕೆ ಹಾಕಿಸಿಕೊಂಡೆ ಎಂದು ನೀವು ಕೇಳುವುದು ನ್ಯಾಯವೇ. ನಮ್ಮ ಮನೆಯಲ್ಲಿ ಎರಡು ಸೈಕಲ್‌ಗಳಿವೆ, ಬೆಳಗಾವಿಯಲ್ಲಿ ಅತ್ತೆಯ ಮನೆಯಿದೆ, ರಜೆಯಲ್ಲಿ ಮಕ್ಕಳಿಗೆ ಅಲ್ಲಿ ಸೈಕಲ್ ಬೇಕು. ಡಿಕ್ಕಿಯ ಬಾಗಿಲಿಗೆ ಪಟ್ಟಿಯಿಂದ ಬಿಗಿಯುವ ಕ್ಯಾರಿಯರ್ ಬಣ್ಣವನ್ನು ತಿನ್ನುತ್ತದೆ, ಛಾವಣಿಯ ಮೇಲೆ ಏರಿಸಲು ನನ್ನ ಭುಜಗಳು ಒಪ್ಪುವುದಿಲ್ಲ. ಹಿಚ್ಚಿನ ಮೇಲೆ ಕೂರುವ ಕ್ಯಾರಿಯರ್ ಮಾತ್ರ ಉಳಿಯಿತು. ಭಾರ ಎಷ್ಟು ಎಂಬುದು ಗೊತ್ತಿದ್ದುದರಿಂದ ಕೊಂಡಿ ಎಂಥದು ಬೇಕೆಂಬುದೂ ಗೊತ್ತಾಯಿತು. ಈ ಬರಹದಲ್ಲಿ ನಾನು ವಾದಿಸಬೇಕೆಂದಿರುವುದು ಇಷ್ಟನ್ನೇ: ಹೊರುವ ಭಾರವನ್ನು ತೂಗಿದವನು ಕೊಂಡಿ ಹಾಕಿಕೊಳ್ಳಲಿ, ತೂಗಲು ಏನೂ ಇಲ್ಲದವನು ಹಾಕಿಕೊಂಡಿದ್ದರೆ ಬಿಚ್ಚಿಸಲಿ.

ನಮ್ಮ ಲೆಕ್ಕ ಹೀಗಿತ್ತು. ಕ್ಯಾರಿಯರ್ 18 ಕೆ.ಜಿ., ಎರಡು ಸೈಕಲ್ ಸೇರಿ 32 ಕೆ.ಜಿ., ಒಟ್ಟು 50. ನಾನು ಕೊಂಡ ಹಿಚ್ಚಿನ ತಗಡುಪಟ್ಟಿಯ ಮೇಲೆ, ಗುಂಡಿನ ಮೇಲೆ ಕೆಳಮುಖವಾಗಿ ಬೀಳಬಹುದಾದ ಗರಿಷ್ಠ ಭಾರ 75 ಕೆ.ಜಿ. ಎಂದು ಒತ್ತಿದ್ದಾರೆ. ಹೊರನೋಟಕ್ಕೆ ಬೇಕಾದಷ್ಟು ಉಳಿತಾಯವಿದೆ. ಆದರೆ ಸೈಕಲ್‌ಗಳು ಗುಂಡಿನ ನೇರ ಮೇಲೆ ಕೂರುವುದಿಲ್ಲ, ಅದಕ್ಕಿಂತ ಹಿಂದೆ ಕೂರುತ್ತವೆ. ರಸ್ತೆಯ ಗುಂಡಿಯೊಳಗೆ ಚಕ್ರ ಬಿದ್ದಾಗಲೆಲ್ಲ ಆ ಭಾರ ಸನ್ನೆಗೋಲಿನಂತೆ ಕೊಂಡಿಯನ್ನು ಹಿಂಡುತ್ತದೆ. ಗಾಡಿಯ ಮೇಲಾಗುವ ಪರಿಣಾಮವೂ ಸರಳ ಗಣಿತವೇ. ಹಿಂದಿನ ಅಚ್ಚಿನಿಂದ 1.25 ಮೀಟರ್ ಹಿಂದೆ 50 ಕೆ.ಜಿ. ತೂಗುಬಿಟ್ಟರೆ, ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 2.5 ಮೀಟರ್ ಇರುವ ಗಾಡಿಯಲ್ಲಿ ಮುಂದಿನ ಚಕ್ರಗಳ ಮೇಲಿನ ಭಾರ 25 ಕೆ.ಜಿ. ಕಡಿಮೆಯಾಗಿ, ಹಿಂದಿನ ಚಕ್ರಗಳ ಮೇಲೆ 75 ಕೆ.ಜಿ. ಹೆಚ್ಚಾಗುತ್ತದೆ. ಸ್ಟೀಯರಿಂಗ್ ತಿರುಗಿಸುವುದೂ ಬ್ರೇಕಿನ ಹೆಚ್ಚಿನ ಕೆಲಸ ಮಾಡುವುದೂ ಮುಂದಿನ ಚಕ್ರಗಳೇ ಎಂಬುದನ್ನು ನೆನಪಿಟ್ಟರೆ ಈ 25 ಕೆ.ಜಿ. ಚಿಕ್ಕದಾಗಿ ಕಾಣುವುದಿಲ್ಲ. ಅದಕ್ಕೇ ಸೈಕಲ್ ಹೊತ್ತ ದಿನ ಡಿಕ್ಕಿಯನ್ನು ನಾನು ಹಗುರವಾಗಿಯೇ ಇಡುತ್ತೇನೆ.

ಟ್ರೇಲರ್ ಎಳೆಯುವವರಿಗೆ ಇನ್ನೂ ಒಂದು ಸಂಖ್ಯೆ ಬೇಕು. ಯುರೋಪಿನ ಮಾದರಿಯ ಹಿಚ್ಚುಗಳ ಪಟ್ಟಿಯ ಮೇಲೆ, ಕೊಂಡಿ ತಾಳಬಲ್ಲ ಎಳೆತವನ್ನು ಹೇಳುವ ‘ಡಿ’ ಎಂಬ ಅಂಕಿಯೊಂದಿರುತ್ತದೆ. ಗಾಡಿಯ ಗರಿಷ್ಠ ತೂಕವನ್ನೂ ಟ್ರೇಲರಿನ ತೂಕವನ್ನೂ ಟನ್ನಿನಲ್ಲಿ ಗುಣಿಸಿ, ಅವೆರಡರ ಮೊತ್ತದಿಂದ ಭಾಗಿಸಿ, 9.81ರಿಂದ ಗುಣಿಸಿದರೆ ಅದು ಕಿಲೋನ್ಯೂಟನ್‌ಗಳಲ್ಲಿ ಬರುತ್ತದೆ. 1600 ಕೆ.ಜಿ. ಗಾಡಿಗೆ 750 ಕೆ.ಜಿ. ಟ್ರೇಲರ್ ಕಟ್ಟಿದರೆ ಸುಮಾರು 5 ಕಿಲೋನ್ಯೂಟನ್. ಗಾಡಿ ತಯಾರಿಸಿದವರು ಹೇಳಿದ ಎಳೆಯುವ ಮಿತಿ, ಹಿಚ್ಚಿನ ಮಿತಿ, ಗುಂಡಿನ ಮಿತಿ, ಇವುಗಳಲ್ಲಿ ಯಾವುದು ಎಲ್ಲಕ್ಕಿಂತ ಕಡಿಮೆಯೋ ಅದೇ ನಿಮ್ಮ ಮಿತಿ. ನನ್ನ ಗಾಡಿಯ ಕೈಪಿಡಿಯಲ್ಲಿ ಟ್ರೇಲರ್ ಎಳೆಯುವ ಅಂಕಿಯೇ ಇಲ್ಲ. ಅಂಕಿ ಇಲ್ಲವೆಂದರೆ ನನ್ನ ಮಟ್ಟಿಗೆ ಮಿತಿ ಸೊನ್ನೆ. "ಮಾಮಾ, ಇಷ್ಟ್ ದಪ್ಪ ಕಬ್ಬಿಣ ಐತಿ, ಒಂದ್ ಸಣ್ಣ ಟ್ರೇಲರ್ ಎಳಿಯೂದಿಲ್ಲೇನು?" ಎಂದು ಭಾಮೈದ ವಾದಿಸಿದ. ಕಬ್ಬಿಣ ಎಳೆದೀತು, ಕ್ಲಚ್ಚು, ಬ್ರೇಕು ಮತ್ತು ತಗಡಿನ ಎಲುಬು ಏನು ಹೇಳುತ್ತವೆಂಬುದು ಬೇರೆಯ ಮಾತು.

ಇನ್ನು ಕೂರಿಸುವ ಕೆಲಸ. ನಿಮ್ಮ ಗಾಡಿಯ ಮಾಡೆಲ್ಲಿಗೆಂದೇ ಮಾಡಿದ, ತಯಾರಕರೇ ಕೊಟ್ಟ ರಂಧ್ರಗಳಿಗೆ ಬೋಲ್ಟಾಗುವ ಹಿಚ್ ಆದರೆ ಅದು ಮನೆಯಲ್ಲೇ ಆಗುವ ಕೆಲಸ. ವೆಲ್ಡಿಂಗ್ ಬೇಕಾಗುವಂಥದಾದರೆ ಅಲ್ಲಿಗೇ ನಿಲ್ಲಿಸಿ. ಮೊದಲ ಭಾನುವಾರ ಪೂರ್ತಿ ಬಂಪರ್ ಇಳಿಸುವುದರಲ್ಲೇ ಕಳೆಯಿತು. ಚಕ್ರದ ಕಮಾನಿನೊಳಗಿನ ಸ್ಕ್ರೂಗಳು, ಕೆಳಗಿನ ಪ್ಲಾಸ್ಟಿಕ್ ಕ್ಲಿಪ್ಪುಗಳು, ಪಾರ್ಕಿಂಗ್ ಸೆನ್ಸರಿನ ಪ್ಲಗ್ಗು. ಕ್ಲಿಪ್ಪುಗಳಲ್ಲಿ ನಾಲ್ಕು ಮುರಿದವು, ನಾನಾ ಪೇಠಿನಲ್ಲಿ ಹೊಸವು ಸಿಕ್ಕವು. ಸೈಲೆನ್ಸರನ್ನು ಅದರ ರಬ್ಬರ್ ಕೊಂಡಿಗಳಿಂದ ಬಿಡಿಸಿ ಸ್ವಲ್ಪ ಕೆಳಗಿಳಿಸಬೇಕಾಯಿತು. ರಬ್ಬರಿಗೆ ಸೋಪಿನ ನೀರು ಹಚ್ಚಿದರೆ ಜಾರಿಕೊಂಡು ಬರುತ್ತದೆ, ಇಲ್ಲದಿದ್ದರೆ ಸ್ಕ್ರೂಡ್ರೈವರ್ ಜಾರಿ ಕೈಗೆ ಬರುತ್ತದೆ. ಬರೀ ಜ್ಯಾಕಿನ ಮೇಲೆ ಗಾಡಿ ನಿಲ್ಲಿಸಿ ಕೆಳಗೆ ತೂರಬೇಡಿ. ಎರಡು ಆಕ್ಸಲ್ ಸ್ಟ್ಯಾಂಡು ಇಟ್ಟು, ಮುಂದಿನ ಚಕ್ರಗಳಿಗೆ ಇಟ್ಟಿಗೆ ಒತ್ತಿ, ಗಾಡಿಯನ್ನು ಕೈಯಿಂದ ಅಲುಗಾಡಿಸಿ ನೋಡಿದ ಮೇಲೆಯೇ ನಾವು ಒಳಗೆ ಹೋದದ್ದು.

ಚಾಸಿಯ ಎರಡೂ ಕೊಳವೆಗಳ ತುದಿಯಲ್ಲಿ ರಬ್ಬರಿನ ಬಿರಡೆ ತೆಗೆದಾಗ ಒಳಗೆ ತಯಾರಕರು ಬೆಸೆದ ನಟ್ಟುಗಳು ಕಂಡವು. ಎಲ್ಲ ಕಡೆ ಅಂಥ ನಟ್ಟು ಇರಲಿಲ್ಲ. ಎರಡು ಕಡೆ ಬೋಲ್ಟನ್ನು ಕೊಳವೆಯ ಒಳಗಿನಿಂದ ಹೊರಕ್ಕೆ ತರಬೇಕಿತ್ತು. ಕೊಳವೆಯ ದೊಡ್ಡ ಬಾಯಿಂದ ಕೈ ಹೋಗುವುದಿಲ್ಲ, ಆದ್ದರಿಂದ ಸುರುಳಿ ಮಾಡಿದ ಉಕ್ಕಿನ ತಂತಿಯನ್ನು ಚಿಕ್ಕ ರಂಧ್ರದಿಂದ ಒಳಕ್ಕೆ ತೂರಿಸಿ, ದೊಡ್ಡ ಬಾಯಲ್ಲಿ ಹೊರತೆಗೆದು, ಅದರ ತುದಿಗೆ ಬೋಲ್ಟಿನ ಎಳೆಯನ್ನು ಸಿಕ್ಕಿಸಿ, ಮತ್ತೆ ಮೆಲ್ಲನೆ ಎಳೆಯಬೇಕು. ಮೂರು ಸಲ ಬೋಲ್ಟು ಒಳಗೇ ಕಳಚಿಕೊಂಡು ಗಡಗಡ ಉರುಳಿತು. ನಾಲ್ಕನೇ ಸಲ ಅದರ ತುದಿ ರಂಧ್ರದಿಂದ ಇಣುಕಿದಾಗ ನಮ್ಮಿಬ್ಬರಿಗೂ ಬಾವಿಯಿಂದ ಕೊಡ ಮೇಲೆತ್ತಿದಷ್ಟು ಖುಷಿಯಾಯಿತು.

ಬೋಲ್ಟಿನ ತಲೆಯ ಮೇಲಿನ ಸಂಖ್ಯೆಯನ್ನು ದಯವಿಟ್ಟು ಓದಿ. ಭೋಸರಿಯ ಕಾರ್ಖಾನೆಯೊಂದರ ಗುಣಮಟ್ಟ ವಿಭಾಗದಲ್ಲಿ ಹೊಟ್ಟೆ ಹೊರೆಯುವ ನನಗೆ ಇದು ಸ್ವಲ್ಪ ಚಟವೇ ಆಗಿದೆ. 8.8 ಎಂದಿದ್ದರೆ ಆ ಉಕ್ಕು ತುಂಡಾಗುವ ಮಿತಿ ಸುಮಾರು 800 ಮೆಗಾಪಾಸ್ಕಲ್, ಅದರ ಶೇ 80ಕ್ಕೆ ಅದು ಶಾಶ್ವತವಾಗಿ ಹಿಗ್ಗತೊಡಗುತ್ತದೆ, 10.9 ಎಂದಿದ್ದರೆ 1000 ಮತ್ತು ಶೇ 90. ತಲೆ ನುಣ್ಣಗಿದ್ದು ಯಾವ ಸಂಖ್ಯೆಯೂ ಇಲ್ಲದಿದ್ದರೆ ಅದನ್ನು ಗೇಟಿನ ಕೀಲಿಗೆ ಬಳಸಿ, ಹಿಚ್ಚಿಗೆ ಬೇಡ. 12 ಮಿ.ಮೀ. ದಪ್ಪದ 8.8 ಬೋಲ್ಟಿಗೆ ಸಾಮಾನ್ಯವಾಗಿ 80 ನ್ಯೂಟನ್‌ಮೀಟರಿನ ಆಸುಪಾಸು ಬಿಗಿತ ಬೇಕು, ಆದರೂ ಹಿಚ್ಚಿನ ಜತೆ ಬಂದ ಹಾಳೆಯ ಅಂಕಿಯೇ ಅಂತಿಮ. ಭಾಮೈದ ಪಾನಾಕ್ಕೆ ಪೈಪು ಸೇರಿಸಿ ‘ಇನ್ನೊಂದ್ ಸುತ್ತು’ ಎನ್ನಲು ಹೊರಟಿದ್ದ. ಬಿಗಿತ ಅಳೆಯುವ ಪಾನಾ, ಅಂದರೆ ಟಾರ್ಕ್ ರೆಂಚು, ‘ಟಕ್’ ಎಂದ ಮೇಲೆ ಕೊಡುವ ಪ್ರತಿ ಸುತ್ತೂ ಬೋಲ್ಟಿನ ಆಯುಷ್ಯವನ್ನು ಕಡಿಯುತ್ತದೆಂದು ಹೇಳಿ ಪೈಪನ್ನು ಕಸಿದುಕೊಂಡೆ. ಬಿಗಿದ ಪ್ರತಿ ಬೋಲ್ಟಿನಿಂದ ಪಕ್ಕದ ಲೋಹದವರೆಗೆ ಬಿಳಿ ಪೇಂಟಿನ ಗೆರೆ ಎಳೆದಿದ್ದೇವೆ; ಬೋಲ್ಟು ಕದಲಿದರೆ ಗೆರೆ ಮುರಿಯುತ್ತದೆ. ತಗಡು ಕೆರೆದ ಕಡೆಗಳಲ್ಲಿ ಪ್ರೈಮರ್, ಅದರ ಮೇಲೆ ಮೇಣ. ಪುಣೆಯ ಮಳೆಗಾಲದಲ್ಲಿ ತುಕ್ಕಿಗೆ ಒಂದು ಗೀರು ಸಾಕು.

ಗುಂಡಿನ ಅಳತೆಯ ಬಗ್ಗೆಯೂ ಒಂದು ಎಚ್ಚರ. ಯುರೋಪಿನ ಗುಂಡು 50 ಮಿ.ಮೀ., ಅಮೆರಿಕದ ಎರಡು ಇಂಚಿನದು 50.8. ಕಣ್ಣಿಗೆ ಎರಡೂ ಒಂದೇ. ಗುಂಡಿನ ಮೇಲೆ ಕವುಚಿಕೊಳ್ಳುವ ಟ್ರೇಲರಿನ ಬಟ್ಟಲು ಎರಡು ಇಂಚಿನದಾಗಿದ್ದು, ಅದನ್ನು 50ರ ಗುಂಡಿನ ಮೇಲೆ ಕೂರಿಸಿದರೆ ಆ 0.8 ಮಿ.ಮೀ. ಸಡಿಲ ರಸ್ತೆಯ ಪ್ರತಿ ಗುಂಡಿಯಲ್ಲೂ ಬಡಿದು ಬಡಿದು ಹೆಚ್ಚುತ್ತದೆ. 50ರ ಗುಂಡು ಸವೆದು 49ಕ್ಕೆ ಬಂದರೆ ಬದಲಿಸಬೇಕು. ವರ್ನಿಯರ್ ಅಳತೆಗೋಲು ಕೈಯಲ್ಲಿಲ್ಲದೆ ಇದನ್ನು ಹೇಳಲಾಗದು.

ವೈರಿಂಗಿನಲ್ಲಿ ಹೆಚ್ಚು ಹೊತ್ತು ಹೋಗಲಿಲ್ಲ. ಕೊಂಡಿಗೆ ಸಿಕ್ಕಿಸುವುದರ ದೀಪಗಳಿಗೆ ಕರೆಂಟು ಕೊಡುವ ಏಳು ಪಿನ್ನಿನ ಸಾಕೆಟ್ಟಿನಲ್ಲಿ ಹಳದಿ ಎಡ ಇಂಡಿಕೇಟರಿಗೆ, ಹಸಿರು ಬಲಕ್ಕೆ, ಕೆಂಪು ಬ್ರೇಕಿಗೆ, ಬಿಳಿ ಅರ್ಥಿಂಗಿಗೆ, ಕಪ್ಪು ಮತ್ತು ಕಂದು ಎಡಬಲದ ಟೇಲ್ ಲ್ಯಾಂಪಿಗೆ. ಈಗಿನ ಗಾಡಿಗಳ ಹಿಂದಿನ ದೀಪದ ತಂತಿಗೆ ನೇರವಾಗಿ ಕೊಕ್ಕೆ ಹಾಕಿದರೆ ಗಾಡಿಯ ಕಂಪ್ಯೂಟರ್ ಮುನಿಸಿಕೊಳ್ಳಬಹುದು. ಬ್ಯಾಟರಿಯಿಂದಲೇ ಪ್ರತ್ಯೇಕ ಫ್ಯೂಸು ಹಾಕಿ ಕರೆಂಟು ತರುವ ಚಿಕ್ಕ ರಿಲೇ ಪೆಟ್ಟಿಗೆಯನ್ನು ಹಾಕಿಸಿದೆ, ಆ ಒಂದು ಕೆಲಸಕ್ಕೆ ಎಲೆಕ್ಟ್ರಿಷಿಯನ್‌ನನ್ನೇ ಕರೆದೆ.

ಕಾನೂನಿನ ಮಾತನ್ನು ಬಿಡುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ನೋಂದಣಿ ಪತ್ರದ ವಿವರಗಳು ತಯಾರಕರು ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸಬಾರದೆನ್ನುತ್ತದೆ. 2019ರ ತಿದ್ದುಪಡಿಯ ಬಳಿಕ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ ಆಗಬಹುದು. ಗಾಡಿಗಳ ಮುಂದಿನ ಕಬ್ಬಿಣದ ಅಡ್ಡಕಂಬಿಗಳ, ಅಂದರೆ ಬುಲ್‌ಬಾರ್‌ಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿ ರಾಜ್ಯಗಳಿಗೆ ಬರೆದದ್ದಕ್ಕೆ ಹಿನ್ನೆಲೆಯೂ ನಾನು ಮೇಲೆ ಹೇಳಿದಂಥದೇ, ಗಟ್ಟಿ ಕಬ್ಬಿಣ ಆಘಾತವನ್ನು ತಿನ್ನುವುದಿಲ್ಲ, ದಾಟಿಸುತ್ತದೆ. ಟ್ರೇಲರ್ ಎಂಬುದು ಕಾಯ್ದೆಯ ಕಣ್ಣಿನಲ್ಲಿ ತಾನೇ ಒಂದು ವಾಹನ, ಅದಕ್ಕೆ ಅದರದೇ ನೋಂದಣಿ ಬೇಕು. ಹಿಚ್ ಹಾಕುವ ಮೊದಲೇ ನಾನು ವಿಮೆಯವರಿಗೆ ಲಿಖಿತವಾಗಿ ತಿಳಿಸಿ ಉತ್ತರ ಪಡೆದುಕೊಂಡೆ. ಆ ಕಾಗದ ಗಾಡಿಯಲ್ಲೇ ಇದೆ. ಸೈಕಲ್ ಏರಿಸಿದ ಮೇಲೆ ಹತ್ತು ಹೆಜ್ಜೆ ಹಿಂದೆ ನಿಂತು ನಂಬರ್ ಪ್ಲೇಟೂ ದೀಪಗಳೂ ಕಾಣುತ್ತವೆಯೇ ಎಂದು ನೋಡಿದಾಗ ಒಂದು ಚಕ್ರ ಪ್ಲೇಟಿನ ಕೊನೆಯ ಎರಡು ಅಂಕಿಗಳನ್ನು ನುಂಗಿತ್ತು. ಕ್ಯಾರಿಯರಿನ ತೊಟ್ಟಿಲನ್ನು ಒಂದು ರಂಧ್ರ ಮೇಲಕ್ಕೇರಿಸಿ ಅದನ್ನು ಸರಿಪಡಿಸಬೇಕಾಯಿತು.

ನನ್ನದು ಬಿಚ್ಚುವ ಮಾದರಿಯ ಹಿಚ್. ಚೌಕದ ಕೊಳವೆ ಮಾತ್ರ ಬಂಪರಿನ ಕೆಳಗೆ ಅಡಗಿರುತ್ತದೆ. ಗುಂಡಿನ ಕತ್ತನ್ನು ಒಂದು ಪಿನ್ನು, ಒಂದು ಕ್ಲಿಪ್ಪು ತೆಗೆದು ಅರ್ಧ ನಿಮಿಷದಲ್ಲಿ ಹೊರಗೆಳೆಯಬಹುದು. ಸೈಕಲ್ ಇಲ್ಲದ ದಿನ ಅದು ನಮ್ಮ ಮನೆಯ ಚಪ್ಪಲಿ ಸ್ಟ್ಯಾಂಡಿನ ಕೆಳಗಿರುತ್ತದೆ. ಹಾಗೆ ಮಾಡದೆ ಒಂದು ರಾತ್ರಿ ಬಿಟ್ಟಿದ್ದಕ್ಕೆ ಮರುದಿನ ಬೇಸ್‌ಮೆಂಟಿನ ಏರಿನಲ್ಲಿ ಗುಂಡು ಕಾಂಕ್ರೀಟಿಗೆ ಉಜ್ಜಿ, ವಾಚ್‌ಮನ್ ಓಡಿಬರುವಷ್ಟು ಸದ್ದಾಯಿತು.

ಇದನ್ನೆಲ್ಲ ಕಾಕಾಗೆ ಅಲ್ಲೇ ನಿಂತು ವಿವರಿಸಿ, ಪಿನ್ನು ತೆಗೆದು ಕತ್ತನ್ನು ಅವರ ಕೈಗಿಟ್ಟೆ. ಅದರ ತೂಕ ನೋಡಿ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಮ್ಮ ಗಾಡೀದ ಒಂದೀಟ್ ನೋಡ್ರೆಪಾ" ಎಂದರು. ಟಾರ್ಚು ಹಿಡಿದು ಅವರ ಗಾಡಿಯ ಕೆಳಗೆ ತೂರಿದೆ. ಹುಕ್ಕು ಚಾಸಿಯನ್ನು ಮುಟ್ಟಿಯೇ ಇರಲಿಲ್ಲ. ಡಿಕ್ಕಿಯ ಕೆಳಗಿನ ತೆಳು ತಗಡಿಗೆ ಎರಡು ಬೋಲ್ಟಿನಲ್ಲಿ ಜೋತುಬಿದ್ದಿತ್ತು, ಎರಡರ ತಲೆಯ ಮೇಲೂ ಸಂಖ್ಯೆ ಇರಲಿಲ್ಲ, ಒಂದರ ಸುತ್ತ ತುಕ್ಕು ಕಾಫಿಯ ಕಲೆಯಂತೆ ಹರಡಿತ್ತು. ಬರುವ ಭಾನುವಾರ ಬೆಳಗ್ಗೆ ಅದನ್ನು ಬಿಚ್ಚುವುದೆಂದು ಮಾತಾಗಿದೆ. ಅವರ ಬಳಿ 19ರ ಪಾನಾ ಇಲ್ಲ, ನಾನೇ ಒಯ್ಯಬೇಕು.