ಕುರ್ಚಿ ಲೆಕ್ಕ ಮುಗಿಯುವವರೆಗೆ ಯಾರೂ ಕೂರಬೇಡಿ

ತುಮಕೂರು ಮಹಾನಗರ ಪಾಲಿಕೆಗೆ 35 ವಾರ್ಡು. ಸಾಲದು ಅನ್ನುವವರು ಕೆಲವರು, ಜಾಸ್ತಿಯಾಯಿತು ಅನ್ನುವವರು ಕೆಲವರು. ಸಂಖ್ಯೆ ಸರಿಯಿದೆ, ಗಡಿ ಸರಿಯಿಲ್ಲ ಅನ್ನುವವರು ಉಳಿದವರು. ಅಡ್ಡ ಮಾತಾಡಲು ಪಾಲಿಕೆಯಲ್ಲಿ ಚುನಾಯಿತ ಸದಸ್ಯರು ಒಬ್ಬರೂ ಇಲ್ಲದಿರುವುದರಿಂದ ವಾರ್ಡ್ ವಿಂಗಡಣೆಯ ಚರ್ಚೆ ಸುಸೂತ್ರವಾಗಿ ಸಾಗುತ್ತದೆ. 2018ರಲ್ಲಿ ನಾವು ವೋಟು ಹಾಕಿ ಕಳಿಸಿದವರ ಅವಧಿ ಮುಗಿಯಿತು, ಆಡಳಿತಾಧಿಕಾರಿ ಬಂದರು. ಅವರಿಗೆ ಇಡೀ ಊರೇ ಒಂದು ವಾರ್ಡು.

ಸಂಖ್ಯೆಯ ವಿಷಯದಲ್ಲಿ ಕಾನೂನು ಧಾರಾಳ. 1976ರ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆ ಪ್ರಕಾರ ಸದಸ್ಯರು 30ಕ್ಕಿಂತ ಕಡಿಮೆ ಇರಬಾರದು, ಮೇಲೂ ಒಂದು ಮಿತಿ ಇದೆ. ನಡುವೆ ಎಷ್ಟಾದರೂ ಸರ್ಕಾರದ ಇಷ್ಟ. ಇನ್ನು ಗಡಿ ಹಾಕಲು ಜನಸಂಖ್ಯೆ ಬೇಕು. ಕೊನೆಯ ಸಲ ತಲೆ ಎಣಿಸಿದ್ದು 2011ರಲ್ಲಿ, ಊರಲ್ಲಿ ಆಗ 3 ಲಕ್ಷ ಚಿಲ್ಲರೆ ಜನ. ವಾರ್ಡಿಗೆ ಸರಾಸರಿ ಎಂಟೂವರೆ ಸಾವಿರ. ಆಗ ತೊಟ್ಟಿಲಲ್ಲಿದ್ದ ಕೂಸು ಈಗ ಹೈಸ್ಕೂಲಿಗೆ ಸೈಕಲ್ ತುಳಿಯುತ್ತದೆ, ಲೆಕ್ಕದಲ್ಲಿ ಮಾತ್ರ ಇನ್ನೂ ತೊಟ್ಟಿಲಲ್ಲೇ ಇದೆ. 2021ರ ಗಣತಿ ನಡೆಯಲೇ ಇಲ್ಲ, ಮುಂದಿನದು 2027ಕ್ಕೆ. ಹಳೇ ಲೆಕ್ಕಕ್ಕೆ ಗಡಿ ಹಾಕಿದರೆ ತಪ್ಪು, ಹೊಸ ಲೆಕ್ಕಕ್ಕೆ ಕಾದರೆ ತಡ. ತಡವಾಗಿ ತಪ್ಪು ಮಾಡುವ ಮೂರನೇ ದಾರಿಯೂ ಇದೆ ಅನ್ನಿ.

ಚಕ್ಕುಬಂದಿ ಬರೆಯುವವರ ಕೈಚಳಕ ಮಾತ್ರ ಮೆಚ್ಚಬೇಕು. ಉತ್ತರಕ್ಕೆ ಅಡ್ಡರಸ್ತೆ, ದಕ್ಷಿಣಕ್ಕೆ ರಾಜಕಾಲುವೆ, ಪೂರ್ವಕ್ಕೆ ಖಾಲಿ ಸೈಟು. ಖಾಲಿ ಸೈಟಿನಲ್ಲಿ ಮೂರು ಮಹಡಿ ಎದ್ದು ಎಷ್ಟೋ ಕಾಲವಾಗಿರುತ್ತದೆ. ಹಾಗಾಗಿ ಗಡಿ ಈಗ ಯಾರದೋ ಅಡುಗೆಮನೆ ಹಾದು ಹೋಗುತ್ತದೆ. ಗಂಡ ಈ ವಾರ್ಡಿನ ಮತದಾರ, ಹೆಂಡತಿ ಆ ವಾರ್ಡಿನವಳು, ಕಂದಾಯದ ರಸೀದಿ ಮಾತ್ರ ಒಂದೇ. ರಾಜಕಾಲುವೆಯ ಈ ದಂಡೆ ಇವರದು, ಆ ದಂಡೆ ಅವರದು, ಮಧ್ಯದ ಹೂಳು ಯಾರದೂ ಅಲ್ಲ. ಪಾಪ, ಹೂಳಿಗೆ ಇದೆಲ್ಲ ಗೊತ್ತಿಲ್ಲ. ಮಳೆ ಬಂದರೆ ಎರಡೂ ವಾರ್ಡಿನ ಮನೆಗಳಿಗೆ ಭೇದವಿಲ್ಲದೆ ನುಗ್ಗುತ್ತದೆ.

ನಿಜವಾದ ಸಂಕಟ ಟಿಕೆಟ್ ಆಕಾಂಕ್ಷಿಗಳದು. ಗಣೇಶನ ಹಬ್ಬದ ಫ್ಲೆಕ್ಸನ್ನು ಯಾವ ಬೀದಿಯವರೆಗೆ ಕಟ್ಟಿಸಬೇಕು ಅಂತಲೇ ತಿಳಿಯದು. ಕ್ಯಾತ್ಸಂದ್ರದ ಹೋಟೆಲಿನಲ್ಲಿ ಇಂಥ ಒಬ್ಬರು ತಟ್ಟೆ ಇಡ್ಲಿ ಮುಂದಿಟ್ಟುಕೊಂಡು ಗೋಳಾಡುತ್ತಿದ್ದರೆ ಆಶ್ಚರ್ಯವಿಲ್ಲ: ‘ಅಣ್ಣಾ, ಆ ಬೀದಿಯ ಮದುವೆ, ತಿಥಿ ಒಂದೂ ಬಿಟ್ಟಿಲ್ಲ. ಈಗ ಅದು ಪಕ್ಕದ ವಾರ್ಡಿಗೆ ಹೋದ್ರೆ ಕೊಟ್ಟ ಮುಯ್ಯಿ ವಾಪಸ್ ಕೇಳೋಕಾಗುತ್ತಾ?’ ಗಡಿ ಉಳಿದರೂ ಮೀಸಲಾತಿ ಪಟ್ಟಿ ಬಾಕಿ ಇರುತ್ತದೆ. ವಾರ್ಡು ಮಹಿಳೆಗೆ ಹೋದರೆ ಫ್ಲೆಕ್ಸಿನಲ್ಲಿ ಹೆಂಡತಿಯ ಫೋಟೊ ಬರುತ್ತದೆ, ಗಂಡನದಕ್ಕಿಂತ ಚಿಕ್ಕದಾಗಿ.

ಈ ವಿದ್ಯೆಯಲ್ಲಿ ಬೆಂಗಳೂರು ನಮಗಿಂತ ಬಹಳ ಮುಂದೆ. ಅಲ್ಲಿ 198 ವಾರ್ಡು 243 ಆಯಿತು, ಮತ್ತೆ 225ಕ್ಕೆ ಇಳಿಯಿತು. ಕೊನೆಗೆ ಪಾಲಿಕೆಯೇ ಐದು ಹೋಳಾಯಿತು. 2015ರಲ್ಲಿ ಗೆದ್ದವರ ಅವಧಿ 2020ಕ್ಕೇ ಮುಗಿದಿತ್ತು. ಇಷ್ಟೆಲ್ಲ ಗಣಿತ ನಡೆದದ್ದು ಅವರು ಮನೆಗೆ ಹೋದ ಮೇಲೆ. ಐದು ವರ್ಷ ಮುಗಿಯುವ ಮೊದಲೇ ಚುನಾವಣೆ ಆಗಬೇಕು ಅನ್ನುತ್ತದೆ ಸಂವಿಧಾನ. ವಾರ್ಡ್ ವಿಂಗಡಣೆ ಬಾಕಿ ಇದೆ ಅಂತ ಚುನಾವಣೆ ತಡೆಯಬಾರದು ಎಂದು ಮಧ್ಯಪ್ರದೇಶದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರಲ್ಲೇ ಹೇಳಿದೆ. ಅದು ಮಧ್ಯಪ್ರದೇಶದ ಮಾತು, ನಮಗೇಕೆ ಅಲ್ವಾ?

ನನ್ನದೊಂದು ಸಲಹೆ. ಪಾಲಿಕೆಗೆ ಐವರನ್ನು ಸರ್ಕಾರವೇ ನಾಮನಿರ್ದೇಶನ ಮಾಡಲು ಅವಕಾಶವಿದೆ. ಅವರಿಗೆ ವಾರ್ಡಿಲ್ಲ, ಚಕ್ಕುಬಂದಿಯಿಲ್ಲ, ಸಭೆಯಲ್ಲಿ ಮತ ಹಾಕುವ ತಾಪತ್ರಯವೂ ಇಲ್ಲ. ಉಳಿದ 35 ಜನರನ್ನೂ ಹೀಗೇ ಮಾಡಿಬಿಟ್ಟರೆ ಗಡಿಯ ರಗಳೆಯೇ ಇರದು. ಆಕ್ಷೇಪಣೆ ಇರುವವರು ಲಿಖಿತವಾಗಿ ಸಲ್ಲಿಸಬಹುದು. ಅರ್ಜಿಯಲ್ಲಿ ವಾರ್ಡ್ ನಂಬರ್ ನಮೂದಿಸುವುದು ಕಡ್ಡಾಯ.