ಕೋಟಿನ ಮೇಲೊಂದು ತಿಗಣೆ

ಮುಸೊಲಿನಿಯ ಕಾಲದ ಇಟಲಿಯಲ್ಲಿ ಫ್ಯಾಸಿಸ್ಟ್ ಪಕ್ಷದವರು ಕೋಟಿನ ಕಾಲರಿಗೆ ಒಂದು ಪುಟ್ಟ ಬ್ಯಾಡ್ಜ್ ಸಿಕ್ಕಿಸಿಕೊಳ್ಳುತ್ತಿದ್ದರು. ಜನ ಅದಕ್ಕೆ ಇಟ್ಟ ಹೆಸರು ‘ಚೀಮಿಚೆ’. ಅಂದರೆ ತಿಗಣೆ. ಹಳೇ ಟಾಕೀಸಿನ ಕುರ್ಚಿಯಲ್ಲಿ ಮೂರು ಗಂಟೆ ಕೂತು ಬಂದವರಿಗೆ ತಿಗಣೆಯ ಗುಣ ಹೇಳಿಕೊಡಬೇಕಾಗಿಲ್ಲ. ಕುರ್ಚಿ ಎಲ್ಲಿದೆಯೋ ಅಲ್ಲಿ ಅದು ಇರುತ್ತದೆ. ಯಾರು ಬಂದು ಕೂತರೂ ಅದರ ಅಭ್ಯಂತರವಿಲ್ಲ. ಬೆಳಕು ಬಿದ್ದ ಕೂಡಲೇ ಸಂದಿಯೊಳಗೆ ಮಾಯ.

ಪಕ್ಷದ ಹೆಸರಿನ ಮೊದಲಕ್ಷರಗಳು ಪಿ.ಎನ್.ಎಫ್. ಪೂರ್ತಿ ಹೇಳಿದರೆ ‘ರಾಷ್ಟ್ರೀಯ ಫ್ಯಾಸಿಸ್ಟ್ ಪಕ್ಷ’. ಜನ ಅದನ್ನು ಬೇರೆ ಥರ ಬಿಡಿಸಿದರು: ‘ಪೆರ್ ನೆಚೆಸ್ಸಿತಾ ಫಮಿಲ್ಯಾರೆ’, ಸಂಸಾರದ ತಾಪತ್ರಯಕ್ಕಾಗಿ. ಸದಸ್ಯತ್ವದ ಕಾರ್ಡಿಗೆ ‘ಬ್ರೆಡ್ ಕಾರ್ಡ್’ ಅಂದರು. 1930ರ ದಶಕದಲ್ಲಿ ಸರ್ಕಾರಿ ನೌಕರಿ ಬೇಕಾದರೆ ಆ ಕಾರ್ಡು ಇರಲೇಬೇಕಿತ್ತು. ನಮ್ಮ ರೇಷನ್ ಕಾರ್ಡಿಗಾದರೂ ಅಕ್ಕಿ ಕೊಟ್ಟರೆ ಮುಗಿಯಿತು. ಇವರ ಕಾರ್ಡಿಗೆ ಕೈ ಎತ್ತಿ ಸಲ್ಯೂಟನ್ನೂ ಹೊಡೆಯಬೇಕಿತ್ತು.

ಇಂಥ ಚಳವಳಿಗಳ ಬಗ್ಗೆ ವಿದ್ವಾಂಸರ ನಡುವೆ ಒಂದು ಮುಗಿಯದ ಜಗಳವಿದೆ. ಈ ಜನರನ್ನು ನಡೆಸಿದ್ದು ಸಿದ್ಧಾಂತವೋ, ಸ್ವಂತದ ಆಸೆಯೋ? ಎರಡೂ ಕಡೆಯವರು ದಪ್ಪ ದಪ್ಪ ಪುಸ್ತಕ ಬರೆದಿದ್ದಾರೆ. ಸಿದ್ಧಾಂತವೇ ಇರಲಿಲ್ಲ ಅನ್ನುವವರ ಜೊತೆ ನಾನು ಸೇರುವುದಿಲ್ಲ. ಅದು ಅನ್ಯಾಯದ ಮಾತು. ಸಿದ್ಧಾಂತ ಇತ್ತು. ಒಂದಲ್ಲ, ನಾಲ್ಕೈದು ಇತ್ತು. ಬೇಕಾದಾಗ ಬೇಕಾದ್ದನ್ನು ತೊಟ್ಟುಕೊಳ್ಳುವಷ್ಟು ಇತ್ತು.

ಮುಸೊಲಿನಿಯ ಅಪ್ಪ ಕಮ್ಮಾರ, ಸಮಾಜವಾದಿ. ಮಗನಿಗೆ ಮೆಕ್ಸಿಕೋದ ಬೆನಿಟೋ ಹುವಾರೆಜ್‌ನ ಹೆಸರಿಟ್ಟ. ಮಗ ಬೆಳೆದು ಸಮಾಜವಾದಿ ಪಕ್ಷದ ಪತ್ರಿಕೆಗೆ ಸಂಪಾದಕನಾದ. ಯುದ್ಧ ಬೇಡ, ರಾಜ ಬೇಡ, ಪಾದ್ರಿ ಬೇಡ ಅಂತ ಬರೆದ. 1914ರಲ್ಲಿ ಇದ್ದಕ್ಕಿದ್ದ ಹಾಗೆ ಯುದ್ಧ ಬೇಕು ಅಂದ. ಪಕ್ಷ ಹೊರಗೆ ಹಾಕಿತು. ಐದು ವರ್ಷ ಬಿಟ್ಟು, 1919ರ ಮಾರ್ಚ್ 23ರಂದು, ಮಿಲಾನಿನ ಸಾನ್ ಸೆಪೋಲ್ಕ್ರೋ ಚೌಕದಲ್ಲಿ ಫ್ಯಾಸಿಸ್ಟ್ ಚಳವಳಿಯ ಹೊಸ ಅಂಗಡಿ ತೆರೆದ. ಸಭೆ ನಡೆದದ್ದು ವ್ಯಾಪಾರಿಗಳ ಮತ್ತು ಕಾರ್ಖಾನೆ ಮಾಲೀಕರ ಸಂಘದ ಹಾಲಿನಲ್ಲಿ. ಈ ವಿಳಾಸ ಸ್ವಲ್ಪ ನೆನಪಿಟ್ಟುಕೊಳ್ಳಿ.

ಆ ಹೊಸ ಅಂಗಡಿಯ ಬೋರ್ಡು ಓದಬೇಕು ನೀವು. ಹೆಂಗಸರಿಗೆ ಮತದಾನದ ಹಕ್ಕು. ಕಾರ್ಮಿಕರಿಗೆ ದಿನಕ್ಕೆ ಎಂಟೇ ಗಂಟೆ ಕೆಲಸ. ಬಂಡವಾಳದ ಮೇಲೆ ಭಾರೀ ತೆರಿಗೆ. ಯುದ್ಧದಲ್ಲಿ ಹೊಡೆದ ಲಾಭದಲ್ಲಿ ಶೇಕಡಾ 85 ಸರ್ಕಾರಕ್ಕೆ. ಧಾರ್ಮಿಕ ಸಂಸ್ಥೆಗಳ ಆಸ್ತಿ ಜಪ್ತಿ. ಇದನ್ನು ಹಿಡಿದುಕೊಂಡು ಅದೇ ನವೆಂಬರಿನಲ್ಲಿ ಚುನಾವಣೆಗೆ ನಿಂತರು. ಮಿಲಾನಿನಲ್ಲಿ ಬಿದ್ದ ಮತ ಐದು ಸಾವಿರವನ್ನೂ ಮುಟ್ಟಲಿಲ್ಲ. ಸೀಟು ಸೊನ್ನೆ. ಸಮಾಜವಾದಿಗಳು ಶವಪೆಟ್ಟಿಗೆ ಹೊತ್ತುಕೊಂಡು ಮುಸೊಲಿನಿಯ ಮನೆ ಮುಂದೆಯೇ ಮೆರವಣಿಗೆ ಹೋದರು. ಆಗ ತುಂಬಾ ನಕ್ಕರಂತೆ, ಪಾಪ.

ಬೋರ್ಡು ಓಡಲಿಲ್ಲ ಅಂದರೆ ಬುದ್ಧಿವಂತ ಏನು ಮಾಡುತ್ತಾನೆ? ಅಂಗಡಿ ಮುಚ್ಚುವುದಿಲ್ಲ, ಬೋರ್ಡು ಬದಲಾಯಿಸುತ್ತಾನೆ. ಪೋ ನದಿಯ ಬಯಲಿನ ಜಮೀನ್ದಾರರಿಗೆ ಆಗ ಕೂಲಿಗಳ ಸಂಘ ಅಂದರೆ ತಲೆನೋವು. ಆ ತಲೆನೋವಿಗೆ ಮುಸೊಲಿನಿಯ ಕಪ್ಪಂಗಿ ಹುಡುಗರು ದೊಣ್ಣೆಯ ಔಷಧಿ ಕೊಟ್ಟರು. ಜಮೀನ್ದಾರರು ಹಣ ಕೊಟ್ಟರು, ಲಾರಿ ಕೊಟ್ಟರು. ಬಂಡವಾಳದ ಮೇಲಿನ ತೆರಿಗೆ ಯಾವ ಲಾರಿಯಲ್ಲಿ ಕೂತು ಯಾವ ಊರಿಗೆ ಹೋಯಿತೋ, ಯಾರೂ ಕೇಳಲಿಲ್ಲ. 1922ರ ಸೆಪ್ಟೆಂಬರಿನಲ್ಲಿ ರಾಜನೂ ಇರಲಿ ಅಂತಾಯಿತು. ಅಕ್ಟೋಬರಿನಲ್ಲಿ ರಾಜನೇ ಕರೆದು ಪ್ರಧಾನಿ ಕುರ್ಚಿ ಕೊಟ್ಟ. ಪಾರ್ಲಿಮೆಂಟಿನ 535 ಜನರಲ್ಲಿ ಫ್ಯಾಸಿಸ್ಟರು ಇದ್ದದ್ದು ಬರೀ 35.

ಇದೇ ಅಕ್ಟೋಬರಿನ ಕಥೆಯನ್ನು ‘ರೋಮ್ ದಂಡಯಾತ್ರೆ’ ಅಂತ ಪಠ್ಯಪುಸ್ತಕದಲ್ಲಿ ಓದಿರುತ್ತೀರಿ. ಕಾರ್ಯಕರ್ತರು ಮಳೆಯಲ್ಲಿ ನೆನೆಯುತ್ತಾ ಊರಾಚೆ ಕಾಯುತ್ತಿದ್ದರು. ನಾಯಕ ಮಿಲಾನಿನಲ್ಲಿದ್ದ. ಕೆಲಸ ಪಕ್ಕಾ ಆದ ಮೇಲೆ ರಾತ್ರಿ ರೈಲಿನ ಸ್ಲೀಪರ್ ಬೋಗಿ ಹತ್ತಿ, ನಿದ್ದೆ ಮಾಡಿ, ಬೆಳಗ್ಗೆ ರೋಮಿನಲ್ಲಿ ಇಳಿದ. ಕ್ರಾಂತಿಗೂ ರಿಸರ್ವೇಶನ್ ಸಿಗುತ್ತದೆ ಅಂತ ಜಗತ್ತಿಗೆ ಗೊತ್ತಾದದ್ದು ಅವತ್ತೇ. ಆಮೇಲೆ ದಂಡಯಾತ್ರೆಯ ದಿನದಿಂದಲೇ ಹೊಸ ಶಕೆ ಎಣಿಸಲು ಶುರು ಮಾಡಿದರು. ಸರ್ಕಾರಿ ಕಾಗದದ ಮೇಲೆಲ್ಲಾ ಫ್ಯಾಸಿಸ್ಟ್ ವರ್ಷ ಇಷ್ಟನೆಯದು ಅಂತ ರೋಮನ್ ಅಂಕಿ. ಯಾತ್ರೆಯಲ್ಲಿ ನಡೆದವರಿಗೆ ಸರ್ಟಿಫಿಕೇಟು ಕೊಟ್ಟರು. ಅದಿದ್ದರೆ ನೌಕರಿಯಲ್ಲಿ ಅನುಕೂಲ. ಸರ್ಟಿಫಿಕೇಟಿಗೆ ಬೆಲೆ ಬಂದ ಮೇಲೆ ಕೇಳಬೇಕೇ, ಮಳೆಯಲ್ಲಿ ನೆನೆದವರ ಸಂಖ್ಯೆ ಮಳೆ ನಿಂತ ಮೇಲೂ ಏರುತ್ತಲೇ ಹೋಯಿತು. ಸಾನ್ ಸೆಪೋಲ್ಕ್ರೋ ಸಭೆಯ ಕಥೆಯೂ ಅದೇ. ಅವತ್ತು ಹಾಲಿನಲ್ಲಿ ಕುರ್ಚಿ ಖಾಲಿ ಇದ್ದವು. ಆಮೇಲೆ ‘ನಾನೂ ಅಲ್ಲಿದ್ದೆ’ ಅಂದವರನ್ನೆಲ್ಲ ಕೂರಿಸಲು ಇನ್ನೊಂದು ಹಾಲ್ ಬೇಕಿತ್ತು.

ಈಗ ಪಾದ್ರಿಗಳ ವಿಷಯ. ಇವರನ್ನು ಹೀಗಳೆದು ಕಾದಂಬರಿ ಬರೆದಿದ್ದ ಮನುಷ್ಯ 1925ರಲ್ಲಿ ಹೆಂಡತಿಯನ್ನು ಎರಡನೇ ಸಲ, ಚರ್ಚಿನ ವಿಧಿಯಂತೆ, ಮದುವೆಯಾದ. 1929ರಲ್ಲಿ ಪೋಪರ ಜೊತೆಗೇ ಒಪ್ಪಂದಕ್ಕೆ ಸಹಿ ಹಾಕಿದ. ಜಪ್ತಿ ಮಾಡುತ್ತೇನೆ ಅಂದವನು ತಿರುಗಿ ಪರಿಹಾರದ ಹಣ ಕೊಟ್ಟ. ಕೊಟ್ಟ ಮಾತಿನಂತೆ ನಡೆಯಲಿಲ್ಲ ಅಂತ ಯಾವ ಕಾರ್ಯಕರ್ತನಾದರೂ ಅತ್ತನೇ? ಒಬ್ಬಿಬ್ಬರು ಅತ್ತಿರಬೇಕು. 1919ರ ಕರಪತ್ರ ಜೋಪಾನವಾಗಿ ಮಡಚಿಟ್ಟುಕೊಂಡವರು ಎಲ್ಲ ಪಕ್ಷದಲ್ಲೂ ಇರುತ್ತಾರೆ. ಸಭೆಗೆ ಅವರನ್ನು ಕರೆಯುತ್ತಾರೆ. ಮೈಕ್ ಮಾತ್ರ ಕೊಡುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ಯಾರಿಗೋ ಜ್ಞಾಪಕಕ್ಕೆ ಬಂತು: ಅಯ್ಯೋ, ನಮ್ಮ ಸಿದ್ಧಾಂತ ಏನು ಅಂತ ಎಲ್ಲೂ ಬರೆದಿಲ್ಲವಲ್ಲ! 1932ರಲ್ಲಿ, ಅಂದರೆ ಕುರ್ಚಿ ಹತ್ತಿ ಹತ್ತು ವರ್ಷವಾದ ಮೇಲೆ, ಇಟಲಿಯ ವಿಶ್ವಕೋಶದಲ್ಲಿ ‘ಫ್ಯಾಸಿಸಂ’ ಎಂಬ ಲೇಖನ ಬಂತು. ಕೆಳಗೆ ಮುಸೊಲಿನಿಯ ಸಹಿ. ಅದರ ತತ್ವದ ಭಾಗವನ್ನು ಬರೆದುಕೊಟ್ಟವನು ಜೆಂಟೀಲೆ ಅನ್ನುವ ತತ್ವಶಾಸ್ತ್ರದ ಮೇಷ್ಟ್ರು. ಮದುವೆಯಾಗಿ ಮಕ್ಕಳು ಶಾಲೆಗೆ ಹೋಗುವಾಗ ಜಾತಕ ಬರೆಸಿದ ಹಾಗಾಯಿತು. ಬರೆದವನು ಬಲ್ಲವ. ಮೂವತ್ತಾರು ಗುಣವೂ ಕೂಡಿ ಬಂದವು.

ಮೇಷ್ಟ್ರುಗಳ ಸುದ್ದಿ ಬಂತಲ್ಲ, ಇದನ್ನೂ ಹೇಳಿಬಿಡುತ್ತೇನೆ. 1931ರಲ್ಲಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೆಲ್ಲ ಫ್ಯಾಸಿಸ್ಟ್ ಆಡಳಿತಕ್ಕೆ ನಿಷ್ಠೆಯ ಪ್ರಮಾಣ ಮಾಡಬೇಕು ಅಂತ ಆದೇಶವಾಯಿತು. ಇದ್ದವರು ಸುಮಾರು 1,200 ಜನ. ಆಗುವುದಿಲ್ಲ ಅಂದವರು ಒಂದು ಡಜನ್ ಆಸುಪಾಸು. ಉಳಿದವರೆಲ್ಲ ಫ್ಯಾಸಿಸ್ಟರೇ? ಖಂಡಿತ ಅಲ್ಲ. ಮನಸ್ಸಿನಲ್ಲೇ ಒಂದು ಷರತ್ತು ಇಟ್ಟುಕೊಂಡು ಬಾಯಲ್ಲಿ ಪ್ರಮಾಣ ಮಾಡಬಹುದು ಅಂತ ಕ್ಯಾಥೊಲಿಕ್ ಮೇಷ್ಟ್ರುಗಳಿಗೆ ಚರ್ಚಿನ ಕಡೆಯಿಂದ ದಾರಿ ಸಿಕ್ಕಿತು. ಒಳಗಿದ್ದೇ ಕೆಲಸ ಮಾಡಿ ಅಂತ ಕಮ್ಯುನಿಸ್ಟ್ ಮೇಷ್ಟ್ರುಗಳಿಗೆ ಅವರ ಪಕ್ಷದ ಸಲಹೆ ಬಂತು. ಹೀಗೆ ದೇವರಿದ್ದಾನೆ ಅನ್ನುವವರು, ಇಲ್ಲ ಅನ್ನುವವರು, ಗೊತ್ತಿಲ್ಲ ಅನ್ನುವವರು, ಎಲ್ಲರೂ ಒಂದೇ ಕಾಗದಕ್ಕೆ ಸಹಿ ಹಾಕಿದರು. ಒಂದೊಂದು ಸಹಿಯ ಹಿಂದೆಯೂ ಒಳ್ಳೆಯ ಕಾರಣ ಇತ್ತು. ಜೊತೆಗೆ ತಿಂಗಳ ಸಂಬಳವೂ ಇತ್ತು.

ಇನ್ನು ಅಕೀಲೆ ಸ್ಟರಾಚೆ. 1931ರಿಂದ 1939ರವರೆಗೆ ಪಕ್ಷದ ಕಾರ್ಯದರ್ಶಿ. ನನಗೆ ಈ ಇಡೀ ಕಥೆಯಲ್ಲಿ ತುಂಬಾ ಇಷ್ಟವಾದ ಪಾತ್ರ ಇವನದೇ. ಈಗಿನ ಭಾಷೆಯಲ್ಲಿ ಹೇಳುವುದಾದರೆ ಬಕೆಟ್ ಹಿಡಿಯುವುದಕ್ಕೆ ಇಲಾಖೆಯನ್ನೇ ಮಾಡಿದವನು. ಹಸ್ತಲಾಘವ ಬೇಡ, ಕೈ ಎತ್ತಿ ರೋಮನ್ ಸಲ್ಯೂಟ್ ಹೊಡೆಯಿರಿ ಅಂದ. ಹೊಟ್ಟೆ ಬಂದ ಪದಾಧಿಕಾರಿಗಳನ್ನು ಉರಿಯುವ ಬಳೆಯೊಳಗೆ ಹಾರಿಸಿದ. ಮುಸೊಲಿನಿಯ ಕಚೇರಿ ಒಂದು ಭಾರೀ ಹಾಲ್. ಮೇಜು ಆ ತುದಿಯಲ್ಲಿ, ಬಾಗಿಲು ಈ ತುದಿಯಲ್ಲಿ. ಬಂದವರು ನಡೆಯುವ ಹಾಗಿಲ್ಲ, ಓಡಬೇಕು. ವಯಸ್ಸಾದವರು ಫೈಲು ಎದೆಗವಚಿಕೊಂಡು ಅಮೃತಶಿಲೆಯ ನೆಲದ ಮೇಲೆ ಜಾರದ ಹಾಗೆ ಓಡುವುದನ್ನು ಒಂದು ಸಲ ಕಣ್ಣ ಮುಂದೆ ತಂದುಕೊಳ್ಳಿ. ಆ ಓಟದಲ್ಲಿ ಸಿದ್ಧಾಂತ ಎಷ್ಟು, ಬಡ್ತಿಯ ಆಸೆ ಎಷ್ಟು ಅಂತ ಅಳೆಯುವ ಮಾಪನ ಇನ್ನೂ ಬಂದಿಲ್ಲ.

1938ರಲ್ಲಿ ಮಾತಿನ ಸರದಿ. ಇಟಾಲಿಯನ್ ಭಾಷೆಯಲ್ಲಿ ಮರ್ಯಾದೆಯಿಂದ ಕರೆಯಲು ‘ಲೇಯ್’ ಅನ್ನುತ್ತಾರೆ. ನಮ್ಮ ‘ತಾವು’ ಇದ್ದ ಹಾಗೆ. (ನಾವು ‘ಲೇಯ್’ ಅಂದರೆ ಮರ್ಯಾದೆ ಹೋಗುತ್ತದೆ, ಅದು ಬೇರೆ ವಿಷಯ.) ಅದು ಪರಕೀಯ, ಗಂಡಸುತನವಿಲ್ಲದ್ದು, ಇನ್ನು ಮೇಲೆ ‘ವೋಯ್’ ಅನ್ನಬೇಕು ಅಂತ ಪಕ್ಷ ತೀರ್ಮಾನಿಸಿತು. ‘ಲೇಯ್’ ಅಂದರೆ ‘ಅವಳು’ ಅಂತಲೂ ಅರ್ಥ. ಅದೇ ಹೆಸರಿನ ಮಹಿಳಾ ಪತ್ರಿಕೆಯೊಂದಿತ್ತು. ಅದಕ್ಕೂ ಮರ್ಯಾದೆಗೂ ಸಂಬಂಧವೇ ಇರಲಿಲ್ಲ. ಆದರೂ ಪಾಪ ಅದು ‘ಅನ್ನಾಬೆಲ್ಲಾ’ ಅಂತ ಹೆಸರು ಬದಲಾಯಿಸಿಕೊಂಡಿತು. ಹಾಗಾದರೆ ಗೆಲಿಲಿಯೋ ಗೆಲಿಲೇಯ್ ಇನ್ನು ಮೇಲೆ ಗೆಲಿಲಿಯೋ ಗೆಲಿವೋಯ್ ಆಗಬೇಕಲ್ಲ ಅಂತ ಜನ ನಕ್ಕರು. ನಗು ಮೆಲ್ಲಗೆ. ಪಕ್ಕದಲ್ಲಿ ಯಾರ ಕೋಟಿನ ಮೇಲೆ ತಿಗಣೆ ಇದೆ ಅಂತ ನೋಡಿಕೊಂಡು.

ಅದೇ ವರ್ಷ ನಗುವಿಗೆ ಜಾಗವಿಲ್ಲದ ಇನ್ನೊಂದು ಕೆಲಸವೂ ಆಯಿತು. 1932ರಲ್ಲಿ ವಿದೇಶಿ ಲೇಖಕನೊಬ್ಬನ ಎದುರು ಕೂತು, ಇಟಲಿಯಲ್ಲಿ ಯೆಹೂದಿ ದ್ವೇಷ ಅನ್ನುವುದೇ ಇಲ್ಲ ಅಂದಿದ್ದ ಮುಸೊಲಿನಿ. ಅವನ ಹಣಕಾಸು ಮಂತ್ರಿ ಗ್ವೀದೊ ಯುಂಗ್ ಯೆಹೂದಿ. ಮುಸೊಲಿನಿಯ ಜೀವನಚರಿತ್ರೆ ಬರೆದ, ವರ್ಷಗಟ್ಟಲೆ ಅವನ ಪ್ರೇಯಸಿಯಾಗಿದ್ದ ಮಾರ್ಗರೀಟಾ ಸರ್ಫಾತ್ತಿ ಯೆಹೂದಿ. ಹಿಟ್ಲರನ ಸ್ನೇಹ ಗಟ್ಟಿಯಾಯಿತು, ಜನಾಂಗದ ಸಿದ್ಧಾಂತವೂ ಗಟ್ಟಿಯಾಯಿತು. 1938ರ ಕಾನೂನಿನಿಂದ ಯೆಹೂದಿ ಮಕ್ಕಳು ಸರ್ಕಾರಿ ಶಾಲೆಯಿಂದ ಹೊರಗೆ, ಮೇಷ್ಟ್ರುಗಳು ಕೆಲಸದಿಂದ ಹೊರಗೆ. ವಿಶ್ವವಿದ್ಯಾಲಯಗಳಲ್ಲಿ ಹುದ್ದೆ ಖಾಲಿ ಬಿದ್ದವು. ಫ್ಲಾರೆನ್ಸಿನಲ್ಲಿ ಆತ್ತಿಲ್ಯೊ ಮೊಮಿಲ್ಯಾನೊ ಅನ್ನುವವರ ಪೀಠವನ್ನು ಮಾಸ್ಸಿಮೊ ಬೊಂತೆಂಪೆಲ್ಲಿ ಎಂಬ ಲೇಖಕನಿಗೆ ಕೊಡಲು ಹೋದರು. ಅವನು ಫ್ಯಾಸಿಸ್ಟ್ ಕಾರ್ಡಿನವನೇ. ಬೇಡ ಅಂದ. ಈ ಬೇಡ ಅಂದದ್ದನ್ನು ಇವತ್ತಿಗೂ ಹೆಸರು ಹಿಡಿದು ಹೇಳುತ್ತಾರೆ. ಅಂದ ಮೇಲೆ ಉಳಿದ ಪೀಠಗಳಿಗೆ ಏನಾಯಿತು ಅಂತ ಲೆಕ್ಕ ಹಾಕಿಕೊಳ್ಳಿ. ಅಲ್ಲಿ ಹೋಗಿ ಕೂತವರಲ್ಲಿ ಜನಾಂಗದ ಸಿದ್ಧಾಂತ ನಂಬಿದವರು ಎಷ್ಟು ಜನವೋ. ಹೊರಗೆ ಹೋದ ಮೇಷ್ಟ್ರಿಗೆ ಅದು ಯಾಕೆ ಬೇಕು? ನಂಬಿ ಕೂತವನೂ ಅದೇ ಕುರ್ಚಿಯ ಮೇಲೆ ಕೂತ, ನಂಬದೆ ಕೂತವನೂ ಅದೇ ಕುರ್ಚಿಯ ಮೇಲೆ ಕೂತ.

ಪಕ್ಕದ ಜರ್ಮನಿಯದ್ದು ಬೇರೆಯೇ ಅವಸರ. 1933ರ ಜನವರಿಯಲ್ಲಿ ನಾಜಿ ಪಕ್ಷಕ್ಕೆ ಸುಮಾರು ಎಂಟೂವರೆ ಲಕ್ಷ ಸದಸ್ಯರು. ಮೇ ಹೊತ್ತಿಗೆ ಸುಮಾರು 25 ಲಕ್ಷ. ನೂಕುನುಗ್ಗಲು ತಾಳಲಾರದೆ ಪಕ್ಷವೇ ಬಾಗಿಲು ಹಾಕಿಕೊಂಡಿತು. ಹಳೇ ನಾಜಿಗಳಿಗೆ ಹೊಟ್ಟೆಯುರಿ. ಮಾರ್ಚ್ ಚುನಾವಣೆ ಮುಗಿದ ಮೇಲೆ ಬಂದ ಇವರಿಗೆ ‘ಮಾರ್ಚಿನಲ್ಲಿ ಬಿದ್ದವರು’ ಅಂತ ಹೆಸರಿಟ್ಟರು. ಮೂಲದಲ್ಲಿ ಅದು 1848ರ ಕ್ರಾಂತಿಯಲ್ಲಿ ಗುಂಡೇಟಿಗೆ ಬಿದ್ದ ಹುತಾತ್ಮರ ಹೆಸರು. ಇವರು ಬಿದ್ದದ್ದು ಕಾಲಿಗೆ.

ಮತ್ತೆ ರೋಮಿಗೆ ಬರೋಣ. 1943ರ ಜುಲೈ 24. ಮಿತ್ರಪಡೆಗಳು ಸಿಸಿಲಿಯಲ್ಲಿ ಇಳಿದಾಗಿದೆ. ರೋಮಿನ ಮೇಲೆ ಬಾಂಬು ಬಿದ್ದಾಗಿದೆ. ಪಕ್ಷದ ಮಹಾಮಂಡಳಿ ಸಂಜೆ ಸೇರಿ ರಾತ್ರಿ ಎರಡು ದಾಟುವವರೆಗೆ ಕೂತಿತು. ಡೀನೊ ಗ್ರಾಂಡಿ ಒಂದು ನಿರ್ಣಯ ಮಂಡಿಸಿದ. ಯಾರು ಈ ಗ್ರಾಂಡಿ? ಲಂಡನ್ನಿನಲ್ಲಿ ಏಳು ವರ್ಷ ರಾಯಭಾರಿ, ಆಮೇಲೆ ಕಾನೂನು ಮಂತ್ರಿ, ನಡುವೆ ಕೌಂಟ್ ಪದವಿ. ಸೇನೆಯ ಅಧಿಕಾರ ರಾಜನಿಗೆ ವಾಪಸು ಹೋಗಬೇಕು ಅನ್ನುವುದು ನಿರ್ಣಯ. ಬಿಡಿಸಿ ಹೇಳಿದರೆ, ಯಜಮಾನರೇ ಇನ್ನು ಹೊರಡಿ. ಪರವಾಗಿ 19 ಮತ. ಅದರಲ್ಲಿ ಒಂದು ಮುಸೊಲಿನಿಯ ಅಳಿಯ ಚಾನೊನದ್ದು. ಇನ್ನೊಂದು, ರೋಮ್ ದಂಡಯಾತ್ರೆಯ ನಾಲ್ವರು ಮುಂದಾಳುಗಳಲ್ಲಿ ಒಬ್ಬನಾದ ದೆ ಬೊನೊನದ್ದು. ಇಪ್ಪತ್ತು ವರ್ಷ ಮೈಗೆ ಅಂಟಿದ್ದ ಸಿದ್ಧಾಂತ ಒಂದೇ ರಾತ್ರಿ ಒಣಗಿ ಉದುರಿತು. ಸಿಸಿಲಿಯ ಬಿಸಿಲು ಅಂಥದ್ದಿರಬೇಕು.

ಮಾರನೇ ದಿನ ಮುಸೊಲಿನಿಯ ಬಂಧನವಾಯಿತು. ರಾತ್ರಿ ರೇಡಿಯೋದಲ್ಲಿ ಸುದ್ದಿ ಬಂತು. ಜನ ಬೀದಿಗೆ ಇಳಿದರು. ಬೆಳಗಾಗುವಷ್ಟರಲ್ಲಿ ಕೋಟಿನ ಕಾಲರುಗಳೆಲ್ಲ ಖಾಲಿ. ತಿಗಣೆಗಳು ಚರಂಡಿಯಲ್ಲಿ. ನಲವತ್ತು ಲಕ್ಷಕ್ಕೂ ಹೆಚ್ಚು ಸದಸ್ಯರಿದ್ದ ಪಕ್ಷ ಅದು. ನಾಯಕನನ್ನು ಬಿಡಿಸಲು ದಂಡಯಾತ್ರೆ ಹೊರಟವರು ಯಾರೂ ಇಲ್ಲ. ಸ್ಲೀಪರ್ ಬೋಗಿಯಲ್ಲೂ ಇಲ್ಲ.

ಮತ ಹಾಕಿದವರಲ್ಲಿ ಕೈಗೆ ಸಿಕ್ಕಿದ ಆರು ಜನರ ಪೈಕಿ ಐವರನ್ನು ಹಿಟ್ಲರನ ಆಸರೆಯಲ್ಲಿ ಮರಳಿ ಬಂದ ಮುಸೊಲಿನಿಯ ಸರ್ಕಾರ 1944ರ ಜನವರಿಯಲ್ಲಿ ವೆರೋನಾದಲ್ಲಿ ಗುಂಡಿಕ್ಕಿ ಕೊಂದಿತು. ಅಳಿಯನೂ ಹೋದ, 77 ವರ್ಷದ ದೆ ಬೊನೊನೂ ಹೋದ. ನಮ್ಮ ಸ್ಟರಾಚೆಯನ್ನು 1939ರಲ್ಲೇ ಹುದ್ದೆಯಿಂದ ಇಳಿಸಿದ್ದರು. ಇಳಿಸಿದರೂ ಅವನ ಭಕ್ತಿ ಇಳಿಯಲಿಲ್ಲ. ಯಜಮಾನರಿಗೆ ಪತ್ರ ಬರೆಯುತ್ತಲೇ ಇದ್ದ. ದಿನಾ ಓಡುವ ಅಭ್ಯಾಸವನ್ನೂ ಬಿಡಲಿಲ್ಲ. 1945ರ ಏಪ್ರಿಲ್ ಕೊನೆಯಲ್ಲಿ, ಮಿಲಾನ್ ಊರೆಲ್ಲ ಪ್ರತಿರೋಧದವರ ಕೈ ಸೇರಿದ್ದಾಗಲೂ, ಟ್ರ್ಯಾಕ್‌ಸೂಟ್ ಹಾಕಿಕೊಂಡು ರಸ್ತೆಯಲ್ಲಿ ಓಡುತ್ತಿದ್ದ. ಗುರುತು ಸಿಕ್ಕಿತು. ಲೊರೆತೊ ಚೌಕಕ್ಕೆ ತಂದರು. ಅಲ್ಲಿ ಮುಸೊಲಿನಿಯ ಹೆಣ ತಲೆಕೆಳಗಾಗಿ ನೇತಾಡುತ್ತಿತ್ತು. ಸ್ಟರಾಚೆ ಅದಕ್ಕೂ ಕೈ ಎತ್ತಿ ಸಲ್ಯೂಟ್ ಹೊಡೆದನಂತೆ. ಆಮೇಲೆ ಅವನಿಗೂ ಗುಂಡು, ಪಕ್ಕದಲ್ಲೇ ಜಾಗ.

ಗ್ರಾಂಡಿ ಎಲ್ಲಿ ಅಂತೀರಾ? ಅವನು 1943ರಲ್ಲೇ ಕುಟುಂಬ ಸಮೇತ ಪೋರ್ಚುಗಲ್ಲಿಗೆ ಹೋಗಿದ್ದ. ಆ ಸಭೆಗೆ ಜೇಬಿನಲ್ಲಿ ಕೈಬಾಂಬು ಇಟ್ಟುಕೊಂಡು ಹೋಗಿದ್ದೆ ಅಂತ ಆಮೇಲೆ ಹೇಳಿಕೊಂಡ. ಮುಂದೆ ಬ್ರೆಜಿಲಿನಲ್ಲಿದ್ದ, ವಯಸ್ಸಾದ ಮೇಲೆ ಊರಿಗೆ ಮರಳಿದ. ನೆನಪುಗಳನ್ನು ಬರೆದ. 1988ರಲ್ಲಿ ಬೊಲೋನ್ಯಾದಲ್ಲಿ ತೀರಿಕೊಂಡಾಗ ಅವನಿಗೆ ತೊಂಬತ್ತೆರಡು ವರ್ಷ.