ಹಾಯಿದೋಣಿಗೆ ದಾರಿ ಬಿಡಿ

ರಸ್ತೆ ಅಂದಮೇಲೆ ಇದ್ದಲ್ಲೇ ಇರಬೇಕು ಅಲ್ವಾ? ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಹಾಗೆ ನಂಬಿಕೊಂಡು ಮನೆ ಬಿಡುವಂತಿಲ್ಲ. ಬಂದರಿನ ಬಾಗಿಲಾದ ಕಂಬರ್ಲೆಂಡ್ ಬೇಸಿನ್ ಹತ್ತಿರ ದೀಪ ಮಿನುಗುತ್ತದೆ, ಅಡ್ಡಗೇಟು ಬೀಳುತ್ತದೆ, ನಾವು ಹೋಗಬೇಕಾದ ರಸ್ತೆ ಸೇತುವೆಯ ಸಮೇತ ಪಕ್ಕಕ್ಕೆ ತಿರುಗಿ ನಿಂತುಬಿಡುತ್ತದೆ. ಎಂಥಾ ದೊಡ್ಡ ಹಡಗು ಬರುತ್ತಿದೆಯೋ ಅಂತ ಕತ್ತು ಚಾಚಿ ನೋಡಿದರೆ ಒಂದು ಹಾಯಿದೋಣಿ. ಅದರಲ್ಲಿ ಒಬ್ಬ ಮುದುಕಪ್ಪ, ಒಂದು ನಾಯಿ. ಇವರಿಬ್ಬರಿಗಾಗಿ ಅರ್ಧ ಊರಿನ ಕಾರುಗಳು ಸಾಲಾಗಿ ನಿಂತಿರುತ್ತವೆ. ನಾಯಿಯಾದರೂ ಒಮ್ಮೆ ನಮ್ಮ ಕಡೆ ನೋಡಬಹುದು. ಅದೂ ನೋಡುವುದಿಲ್ಲ.

ಇದಕ್ಕೆಲ್ಲ ಮೂಲ ಏವನ್ ನದಿ. ದೊಡ್ಡ ಉಬ್ಬರದ ದಿನಗಳಲ್ಲಿ ಅದರ ಬಾಯಲ್ಲಿ ನೀರು 12 ಮೀಟರ್‌ಗೂ ಜಾಸ್ತಿ ಏರಿ ಇಳಿಯುತ್ತದೆ. ಹಿಂದೆ ಇಳಿತದ ಹೊತ್ತಿಗೆ ಊರೊಳಗಿನ ಹಡಗುಗಳೆಲ್ಲ ಕೆಸರಿನಲ್ಲಿ ವಾಲಿಕೊಂಡು ಕೂರುತ್ತಿದ್ದವು. ವಿಲಿಯಂ ಜೆಸಪ್ ಎಂಬ ಎಂಜಿನಿಯರ್ ನದಿಗೇ ಬೇರೆ ಕಾಲುವೆ ತೋಡಿಸಿ, ಹಳೆಯ ಪಾತ್ರಕ್ಕೆ ಲಾಕ್ ಗೇಟು, ಅಂದರೆ ನೀರು ತಡೆದು ಹಡಗು ಬಿಡುವ ಬಾಗಿಲು, ಹಾಕಿಸಿ, 1809ರಲ್ಲಿ ನೀರನ್ನು ಒಳಗೇ ಕೂಡಿಹಾಕಿದ. ಹಡಗುಗಳು ತೇಲಿದವು. ಆದರೆ ಬಾಗಿಲು ಅಂತ ಒಂದಿದ್ದರೆ ಅದರಲ್ಲಿ ಸಿಕ್ಕಿಕೊಳ್ಳುವವರೂ ಇರುತ್ತಾರಲ್ಲ. ಬ್ರುನೆಲ್ ಎಂಬ ಇನ್ನೊಬ್ಬ ಎಂಜಿನಿಯರ್ ಇದೇ ಊರಿನಲ್ಲಿ ‘ಗ್ರೇಟ್ ಬ್ರಿಟನ್’ ಅನ್ನುವ ಹಡಗು ಕಟ್ಟಿಸಿದ. 1843ರಲ್ಲಿ ಅದನ್ನು ನೀರಿಗಿಳಿಸಿದಾಗ ಜಗತ್ತಿನಲ್ಲೇ ಅಷ್ಟು ದೊಡ್ಡ ಹಡಗು ಇರಲಿಲ್ಲ. ಮರುವರ್ಷ ಡಿಸೆಂಬರ್‌ನಲ್ಲಿ ಆಚೆ ತೆಗೆಯಲು ಹೋದರೆ ಲಾಕ್ ಚಿಕ್ಕದು, ಹಡಗು ದೊಡ್ಡದು. ಹೊಸ ಬೀರು ಕೊಂಡು ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಸಿಕೊಂಡವರಿಗೆ ಅವನ ಮುಖ ಹೇಗಿತ್ತು ಅಂತ ಹೇಳಬೇಕಾಗಿಲ್ಲ. ಕೊನೆಗೆ ಲಾಕ್‌ನ ಅಂಚಿನ ಕಲ್ಲು ಕೀಳಿಸಿ ಹೊರಗೆ ತಂದರು.

ಆಮೇಲೆ ಬ್ರುನೆಲ್ ಅಗಲದ ಲಾಕ್ ಕಟ್ಟಿಸಿ, 1849ರಲ್ಲಿ ಅದರ ಮೇಲೆ ತಿರುಗುವ ಕಬ್ಬಿಣದ ಸೇತುವೆಯನ್ನೂ ಕೂರಿಸಿದ. ಆ ಸೇತುವೆ ಈಗ ತಿರುಗುವುದಿಲ್ಲ. 1965ರಲ್ಲಿ ಬಂದ ಪ್ಲಿಮ್ಸಾಲ್ ಸೇತುವೆಯ ಕೆಳಗೆ, ದಡದ ಮೇಲೆ ಸುಮ್ನೆ ಬಿದ್ದಿದೆ. ನಮ್ಮನ್ನು ಕಾಯಿಸುವುದು ಮೇಲಿನದು. ನಮ್ಮ ಮಾವನವರನ್ನು ಸೆಳೆದದ್ದು ಕೆಳಗಿನದು.

ಮಾವನವರು ಶಿವಮೊಗ್ಗದವರು. ನೀರಾವರಿ ಇಲಾಖೆಯಲ್ಲಿದ್ದು ನಿವೃತ್ತರಾದವರು. ಸ್ನೇಹಿತರ ಮನೆಗೆ ಹಬ್ಬದೂಟಕ್ಕೆ ಹೊರಟಿದ್ದೆವು. ಬಿಸಿಬೇಳೆಬಾತ್ ನಮ್ಮ ಪಾಲಿಗೆ ಬಂದಿತ್ತು. ಅತ್ತೆ ಪಾತ್ರೆಯನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದರು. ಸೇತುವೆ ತಿರುಗಿತು.

“ಅಳಿಯಂದ್ರೇ, ರಸ್ತೆ ಎಲ್ಲಿಗೆ ಹೋಯ್ತು?”

ಹೇಳಿದೆ. ಹೇಳಬಾರದಿತ್ತು ಅಂತಲ್ಲ, ಹೇಳದಿದ್ದರೂ ಅವರು ಇಳಿಯುತ್ತಿದ್ದರು.

“ಅಪ್ಪಾ, ಕೂತ್ಕೊಳ್ಳಿ” ಅಂದಳು ನನ್ನ ಹೆಂಡತಿ.

“ಹತ್ತು ನಿಮಿಷ ಆಗುತ್ತಂತಲ್ಲಮ್ಮ. ಗೇಟು ನೋಡ್ಕೊಂಡು ಬಂದ್ಬಿಡ್ತೀನಿ.”

ದೋಣಿ ದಾಟಿತು. ರಸ್ತೆ ವಾಪಸ್ ಬಂತು. ಮಾವ ಬರಲಿಲ್ಲ. ಈ ದೇಶದಲ್ಲಿ ಯಾರೂ ಹಾರ್ನ್ ಹೊಡೆಯುವುದಿಲ್ಲ ಅಂತ ನಾನು ಊರಲ್ಲೆಲ್ಲ ಹೇಳಿಕೊಂಡು ಬಂದಿದ್ದೆ. ಹೊಡೆದರು. ವಿಧಿಯಿಲ್ಲದೆ ಆಚೆ ದಡಕ್ಕೆ ಹೋದೆ. ಅಲ್ಲಿನ ರಸ್ತೆಗಳು ಒಂದರ ಮೇಲೊಂದು ಸುತ್ತಿಕೊಂಡಿವೆ. ಸುತ್ತು ಹಾಕಿ ಮತ್ತೆ ಸೇತುವೆಯ ಬಾಯಿಗೆ ಬರುವಷ್ಟರಲ್ಲಿ ಪುನಃ ದೀಪ, ಪುನಃ ಗೇಟು. ಇನ್ನೊಂದು ದೋಣಿ. ಉಬ್ಬರ ಇರುವಾಗಲೇ ದಾಟಬೇಕಲ್ಲ, ಒಂದರ ಹಿಂದೆ ಒಂದು ಬರುತ್ತವೆ.

“ಇದು ಗಟ್ಟಿಯಾಗ್ತಾ ಇದೆ” ಅಂದರು ಅತ್ತೆ, ಮುಚ್ಚಳ ಎತ್ತಿ.

ಮಾವ ಸಿಕ್ಕಿದ್ದು ಬ್ರುನೆಲ್‌ನ ಸೇತುವೆಯ ಪಕ್ಕ. ಅದನ್ನು ಉಳಿಸಬೇಕೆಂದು ತುಕ್ಕು ಉಜ್ಜುವ ಸ್ವಯಂಸೇವಕರಿದ್ದಾರೆ. ಮಾವ ಅವರ ಬ್ರಶ್ ಇಸಿದುಕೊಂಡು ಕೆಲಸಕ್ಕೆ ನಿಂತಿದ್ದರು. ಹಬ್ಬಕ್ಕೆಂದು ಹಾಕಿದ್ದ ಬಿಳಿ ಜುಬ್ಬದ ತೋಳು ಮೊಣಕೈವರೆಗೆ ಕಾವಿ ಬಣ್ಣ. ಕಾರು ಹತ್ತಿದವರೇ ಪಾಠ ಶುರು ಮಾಡಿದರು.

“ನಮ್ಮ ಕೆಆರ್‌ಎಸ್‌ನಲ್ಲಿ ವಿಶ್ವೇಶ್ವರಯ್ಯನವರು ಹಾಕಿಸಿದ್ದು ನೀರು ಏರಿದ್ರೆ ತಾನಾಗೇ ತೆಗೆಯೋ ಗೇಟು. ಇದು ಉಲ್ಟಾ ನೋಡಿ. ಎರಡು ಬಾಗಿಲು ಒಳಗಿನ ನೀರಿನ ಕಡೆ ಮೂತಿ ಮಾಡಿ ಸೇರ್ಕೊಳ್ತವೆ. ನೀರು ಒತ್ತಿದಷ್ಟೂ ಬಿಗಿ.”

ಸೇತುವೆ ತಿರುಗಿಸುತ್ತಿದ್ದ ಹೈಡ್ರಾಲಿಕ್ ವಿದ್ಯೆಯನ್ನೂ ತಿಳಿದುಕೊಂಡು ಬಂದಿದ್ದರು. ನ್ಯೂಕಾಸಲ್‌ನ ವಿಲಿಯಂ ಆರ್ಮ್‌ಸ್ಟ್ರಾಂಗ್ ರೂಢಿಗೆ ತಂದ ಉಪಾಯ ಅದು. ಉಗಿಯಂತ್ರ ನೀರನ್ನು ಪಂಪ್ ಮಾಡಿ ಒಂದು ಭಾರೀ ತೂಕವನ್ನು ಮೇಲೆತ್ತಿ ಇಡುತ್ತದೆ. ಬೇಕಾದಾಗ ವಾಲ್ವು ತೆರೆದರೆ ತೂಕ ಕೆಳಗಿಳಿಯುತ್ತಾ ಪೈಪಿನ ನೀರನ್ನು ಒತ್ತುತ್ತದೆ. ಆ ಒತ್ತಡಕ್ಕೆ ಸೇತುವೆಯೂ ತಿರುಗುತ್ತದೆ, ಲಾಕ್ ಗೇಟೂ ಅಲ್ಲಾಡುತ್ತದೆ. ಪಕ್ಕದ ಅಂಡರ್‌ಫಾಲ್ ಯಾರ್ಡಿನಲ್ಲಿ 1907ರಲ್ಲಿ ಉಗಿಯ ಬದಲು ವಿದ್ಯುತ್ ಪಂಪು ಬಂದವು. ಅದಕ್ಕೂ ಮುಂಚಿನ ಪಂಪ್‌ಹೌಸ್ ಹತ್ತಿರದಲ್ಲೇ ಇದೆ, ತೋರಿಸಿದೆ.

“ಈಗಲೂ ಪಂಪ್ ಮಾಡ್ತಾರಾ?”

“ಮಾಡ್ತಾರೆ ಮಾವ. ಬಿಯರ್.”

ಅದೀಗ ಪಬ್ಬು. ಮಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಊಟದ ಮನೆಯಲ್ಲಿ ಬಿಸಿಬೇಳೆಬಾತಿಗೆ ಸೌಟು ಹಾಕಿದರೆ ಸೌಟು ನೆಟ್ಟಗೆ ನಿಂತಿತು. ಒಬ್ಬರ ಮಗು “ಇದು ಕೇಕಾ?” ಅಂತ ಕೇಳಿತು. ಅತ್ತೆ ಬಿಸಿನೀರು, ತುಪ್ಪ ಸುರಿದು ಅದನ್ನು ದಾರಿಗೆ ತಂದರು. ಅಷ್ಟರಲ್ಲಿ ಮಾವ ಪೇಪರ್ ನ್ಯಾಪ್ಕಿನ್ ಮೇಲೆ ಲಾಕ್ ಗೇಟು ಬರೆದು ನಾಲ್ಕು ಜನರನ್ನು ಸುತ್ತ ಕೂರಿಸಿಕೊಂಡಿದ್ದರು.

ಅವರು ಊರಿಗೆ ಮರಳಿ ತುಂಬ ದಿನವಾಯಿತು. ಮೊಬೈಲಿನಲ್ಲಿ ನದಿಯ ಬಾಯಲ್ಲಿರುವ ಏವನ್‌ಮೌತ್‌ನ ಉಬ್ಬರ ಇಳಿತದ ಪಟ್ಟಿ ನೋಡುವ ಚಟ ಮಾತ್ರ ಹೋಗಿಲ್ಲ. ಬೆಳಿಗ್ಗೆ ಆರಕ್ಕೆ ಕಾಫಿ ಕುಡಿದವರೇ ಫೋನ್ ಮಾಡುತ್ತಾರೆ. ನಮಗಿಲ್ಲಿ ಬೇಸಿಗೆಯಾದರೆ ರಾತ್ರಿ ಒಂದೂವರೆ.

“ಅಳಿಯಂದ್ರೇ, ಇವತ್ತು ಒಂಬತ್ತಕ್ಕೆ ಉಬ್ಬರ. ಆಫೀಸಿಗೆ ಏಳಕ್ಕೇ ಹೊರಡಿ. ಮಲಗಿದ್ರಾ?”